ಬೆಳಗಾವಿಯಿಂದ ವಿಜಯಪುರಕ್ಕೆ, ಹಳೆ ಕಾರುಗಳ ಬೆನ್ನು ಹತ್ತಿ

ನಮ್ಮ ಕಡೆ ಹಳೆ ಕಾರು ನೋಡಬೇಕು ಅಂದರೆ ಜನವರಿಯಲ್ಲಿ ಹೊರಡಿ. ಮಳೆಗಾಲದಲ್ಲಿ ಬೆಳಗಾವಿಯಲ್ಲಿ ಯಾರೂ ಗಾಡಿ ಹೊರಗೆ ತೆಗೆಯುವುದಿಲ್ಲ. ಅಲ್ಲಿಯ ಜಿಟಿಜಿಟಿ ಮಳೆಗೆ ಬಾಗಿಲಿನ ಕೆಳಗೆ ನೀರು ನಿಂತು ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲಿಗೆ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೆ ಗಾಡಿಗಳು ದಾರಿ ಮಧ್ಯೆ ನಿಲ್ಲುತ್ತವೆ. ಸಂಕ್ರಾಂತಿಯ ಆಚೀಚೆ ಮಾತ್ರ ಗಾಡಿಗೂ ಹಿತ, ಮಾಲೀಕರಿಗೂ ಹಿತ. ನಾನು, ನನ್ನ ಗೆಳೆಯ ಇಬ್ಬರೂ ಹೊರಟಿದ್ದು ಆ ಹೊತ್ತಿಗೇ. ಬೆಳಗಾವಿ, ಯರಗಟ್ಟಿ, ಲೋಕಾಪುರ, ಗದ್ದನಕೇರಿ ಕ್ರಾಸ್, ಕೊಲ್ಹಾರ, ವಿಜಯಪುರ. ಇಷ್ಟೇ ದಾರಿ.

ಬೆಳಗಾವಿಯ ಕ್ಯಾಂಪ್ ಹತ್ತಿರದ ಒಂದು ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಹಳೆ ಗಾಡಿಯವರೆಲ್ಲ ಸೇರುತ್ತಾರೆ ಅಂತ ಗೆಳೆಯನಿಗೆ ಸುದ್ದಿ ಸಿಕ್ಕಿತ್ತು. ದೊಡ್ಡ ಪ್ರದರ್ಶನ ಅಲ್ಲ. ಟಿಕೆಟ್ ಇಲ್ಲ, ಹಗ್ಗ ಕಟ್ಟಿ ದೂರ ನಿಲ್ಲಿಸುವವರಿಲ್ಲ. ನನಗೆ ಅದೇ ಇಷ್ಟ. ದೊಡ್ಡ ಊರುಗಳ ಶೋಗಳಲ್ಲಿ ರಾಜಮನೆತನದ ರೋಲ್ಸ್ ರಾಯ್ಸ್, ಪ್ಯಾಕರ್ಡ್ ನೋಡಬಹುದು, ಕಣ್ಣಿಗೆ ಹಬ್ಬವೇ, ಆದರೆ ಅವು ನಮ್ಮ ಮನೆಯ ಕಥೆ ಹೇಳುವುದಿಲ್ಲ. ಇಲ್ಲಿ ನಿಂತಿದ್ದು ಅಂಬಾಸಿಡರ್, ಫಿಯಾಟ್, ವಿಲ್ಲಿಸ್ ಜೀಪು. ಯಾರದೋ ಅಪ್ಪ ಓಡಿಸಿದ್ದು, ಯಾರದೋ ಮದುವೆಗೆ ಹೂವು ಕಟ್ಟಿಸಿಕೊಂಡಿದ್ದು. ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಊರು, ಹಾಗಾಗಿ ಒಂದು ಜೊಂಗಾ ಇದ್ದಿದ್ದು ನೋಡಿ ಆಶ್ಚರ್ಯ ಆಗಲಿಲ್ಲ. ಜಪಾನಿನ ನಿಸ್ಸಾನ್ ಪ್ಯಾಟ್ರೋಲ್ ಅನ್ನುವ ಜೀಪನ್ನು ಜಬಲ್‌ಪುರದ ಕಾರ್ಖಾನೆಯಲ್ಲಿ ನಮ್ಮ ಸೈನ್ಯಕ್ಕಾಗಿ 1969ರಿಂದ 1999ರವರೆಗೆ ಕಟ್ಟಿದರು, ಅದೇ ಜೊಂಗಾ. ಆರು ಸಿಲಿಂಡರಿನ ಸುಮಾರು 4 ಲೀಟರ್ ಇಂಜಿನ್. ಸ್ಟಾರ್ಟ್ ಮಾಡಿದಾಗ ಎದೆಯೊಳಗೆ ಗುಡುಗಿದಂತೆ ಆಯಿತು.

ಅಂಬಾಸಿಡರ್ ಯಾವ ಕಾಲದ್ದು ಅಂತ ಗುರುತಿಸಲು ಮುಂದಿನ ಜಾಲರಿ ನೋಡಬೇಕು. ಸಣ್ಣ ಸಣ್ಣ ಚೌಕಳಿ ಇದ್ದರೆ ಮಾರ್ಕ್ 2, ಅಂದರೆ 1960ರ ದಶಕದಿಂದ 1975ರವರೆಗಿನದು. ಅಡ್ಡ ಪಟ್ಟಿಗಳಿದ್ದರೆ ಮಾರ್ಕ್ 3. ನಂಬರ್ ಪ್ಲೇಟೂ ಹೇಳುತ್ತದೆ. ಕೆಎ 22, ಕೆಎ 28 ಅನ್ನುವ ನಂಬರ್‌ಗಳು ಬಂದಿದ್ದು 1989ರ ಮೇಲೆ. ಮೂರು ಅಕ್ಷರ, ನಾಲ್ಕು ಅಂಕಿಯ ಹಳೆ ಪ್ಲೇಟ್ ಕಂಡರೆ ಗಾಡಿ ಅದಕ್ಕೂ ಹಿಂದಿನದು. ಈ ಎರಡು ಗೊತ್ತಿದ್ದರೆ ಸಾಕು, ರಸ್ತೆಯಲ್ಲಿ ಎದುರಿಗೆ ಬರುವ ಗಾಡಿಯನ್ನೂ ಹಿಡಿಯಬಹುದು.

ಆದರೆ ನಾನು ಜಾಸ್ತಿ ಹೊತ್ತು ನಿಂತಿದ್ದು ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಹತ್ತಿರ. ತಿಳಿ ನೀಲಿ ಬಣ್ಣ, ಮೇಲ್ಚಾವಣಿ ಬಿಳಿ, ನಾಲ್ಕು ಬಾಗಿಲು. ಹೆರಾಲ್ಡ್ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಾರು, ಅದರ ರೂಪ ಬರೆದವನು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಲ್ಲಿ ಇಲ್ಲಿ ಶುರು ಮಾಡಿತು. ನಾಲ್ಕು ಬಾಗಿಲಿನ ಹೆರಾಲ್ಡ್ ಬೇರೆಲ್ಲೂ ಇಲ್ಲ, ನಮ್ಮ ದೇಶದಲ್ಲಿ ಮಾತ್ರ ಆಗಿದ್ದು. ಮಾಲೀಕರು ನಿವೃತ್ತ ಮೇಷ್ಟ್ರು. ಬಾನೆಟ್ ತೋರಿಸಿ ಕಾಕಾ ಅಂದೆವು, ಅವರು ಎರಡೂ ಬದಿಯ ಕೊಂಡಿ ಬಿಚ್ಚಿ ಮಡ್‌ಗಾರ್ಡ್, ಹೆಡ್‌ಲೈಟ್ ಸಮೇತ ಇಡೀ ಮೂತಿಯನ್ನೇ ಮುಂದಕ್ಕೆ ಮಗುಚಿದರು! ಒಳಗೆ ಇಂಜಿನ್, ಗಾಲಿ, ಸ್ಟಿಯರಿಂಗ್ ಎಲ್ಲ ಬಯಲಿಗೆ. ಸುತ್ತ ನಿಂತ ಹುಡುಗರು ಹೋ ಅಂದರು. ಗಾಲಿಯ ಮೇಲೆ ಕೂತು ಕೆಲಸ ಮಾಡಬಹುದು, ಮೆಕ್ಯಾನಿಕ್ ಬೆನ್ನು ಬಗ್ಗಿಸಬೇಕಿಲ್ಲ. ಗಾಡಿ ಸುಮಾರು 25 ಅಡಿ ಜಾಗದಲ್ಲಿ ಪೂರ್ತಿ ತಿರುಗುತ್ತದೆ, ಇವತ್ತಿನ ಎಷ್ಟೋ ಸಣ್ಣ ಕಾರಿಗೂ ಅದು ಆಗದ ಮಾತು.

ನನ್ನ ಕಣ್ಣು ಬಿದ್ದಿದ್ದು ಮುಂದಿನ ಗಾಲಿಯ ಹಿಂದೆ ಹೊಳೆಯುತ್ತಿದ್ದ ಒಂದು ಹೊಸ ಕಂಚಿನ ತುಂಡಿನ ಮೇಲೆ. ಟ್ರನಿಯನ್ ಅಂತಾರೆ ಅದಕ್ಕೆ. ಹೆರಾಲ್ಡಿನ ಮುಂದಿನ ಗಾಲಿಯ ನೆಟ್ಟನೆ ಕಂಬ ಈ ತುಂಡಿನೊಳಗೆ ಥ್ರೆಡ್ ಮೇಲೆ ತಿರುಗುತ್ತದೆ.

"ಇದು ಎಲ್ಲಿ ಸಿಕ್ತು ಕಾಕಾ?"

"ಸಿಗಲಿಲ್ಲಪಾ, ಮಾಡಿಸ್ದೆ. ಉದ್ಯಮಬಾಗದಾಗ."

ಅಲ್ಲಿಗೆ ನಮ್ಮ ಮಧ್ಯಾಹ್ನದ ಕೆಲಸ ನಿಗದಿ ಆಯಿತು. ಕಾಕಾ ಅವರಿಂದ ಮಿಸ್ತ್ರಿಯ ಫೋನ್ ನಂಬರ್ ತೆಗೆದುಕೊಂಡು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋದೆವು. ಬೆಳಗಾವಿಯ ಫೌಂಡ್ರಿಗಳ ಬಗ್ಗೆ ಕೇಳಿರುತ್ತೀರಿ ಅಲ್ವಾ. ಇಂಜಿನ್ ಭಾಗ, ಹೈಡ್ರಾಲಿಕ್ ಪಂಪು, ಎರಕದ ಸಾಮಾನು ಇಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತದೆ. ಅದರ ನಡುವೆ ಒಂದು ಶೆಡ್ಡು, ಎರಡು ಲೇತ್ ಮಷಿನ್, ಒಬ್ಬ ಮಿಸ್ತ್ರಿ. ಭಾನುವಾರವಾದರೂ ಬಂದು ಬಾಗಿಲು ತೆಗೆದರು. ವಾರವಿಡೀ ಕಂಪನಿ ಕೆಲಸ, ಹಳೆ ಗಾಡಿ ಕೆಲಸ ಸಂಜೆ ಮಾತ್ರ, ಪ್ರೀತಿಗೆ ಅಂತ ಮಾಡುವುದು. ಟ್ರನಿಯನ್ ವಿಷಯ ತೆಗೆದ ಕೂಡಲೇ ಅವರ ಮುಖ ಅರಳಿತು.

"ಸರ, ಇದಕ್ಕ ಗ್ರೀಸ್ ಹಾಕಬಾರ್ದರಿ, ಗೇರ್ ಎಣ್ಣಿನ ಹಾಕಬೇಕು. ಗ್ರೀಸ್ ಒಳಗ ಪೂರ್ತಿ ಇಳಿಯಂಗಿಲ್ಲ. ನೀರ್ ನಿಂತು ಥ್ರೆಡ್ ತುಕ್ಕ ಹಿಡೀತದ. ಆಮ್ಯಾಲೆ ಒಂದಿನ ತಿರುವಿನ್ಯಾಗ ಗಾಲಿನ ಮುರದ ಬೀಳ್ತದ."

ಇದು ಹೆರಾಲ್ಡ್ ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ ಮಾತು. ಸಾಮಾನ್ಯ ಗ್ಯಾರೇಜಿನವರು ಗ್ರೀಸ್ ಗನ್ ಹಿಡಿದು ಎಲ್ಲದಕ್ಕೂ ಗ್ರೀಸ್ ತುಂಬಿಬಿಡುತ್ತಾರೆ, ಗಾಡಿ ಹಾಳಾಗುವುದು ಹಾಗೆಯೇ. ಮಿಸ್ತ್ರಿ ಹಳೆ ತುಂಡಿನ ಅಳತೆ ಹಿಡಿದು, ಥ್ರೆಡ್ ಎಣಿಸಿ, ಕಂಚಿನ ಗಟ್ಟಿ ತರಿಸಿ ಕಡೆದಿದ್ದರು. ನಕ್ಷೆ ಇಲ್ಲ, ಪುಸ್ತಕ ಇಲ್ಲ. ಬ್ರೇಕಿನ ವೀಲ್ ಸಿಲಿಂಡರ್ ಸವೆದಿದ್ದರೆ ಒಳಗೆ ಸ್ಲೀವ್ ಕೂರಿಸುತ್ತಾರೆ, ನೀರಿನ ಪಂಪಿನ ಶಾಫ್ಟ್ ಮಾಡುತ್ತಾರೆ. ಹಳೆ ಕಾರು ಉಳಿಸಿದವರು ಅಂತ ನಾವು ಮಾಲೀಕರನ್ನು ಮಾತ್ರ ಹೊಗಳುತ್ತೇವೆ. ಶೋಗಳಲ್ಲಿ ಟ್ರೋಫಿ, ಹಾರ ಎಲ್ಲ ಅವರಿಗೇ. ಈ ಮಿಸ್ತ್ರಿಯನ್ನೂ ಒಮ್ಮೆ ವೇದಿಕೆಗೆ ಕರೆಯಬೇಕು, ಇದು ನನ್ನ ಮನಸ್ಸಿನ ಮಾತು. ಕಂಪನಿ ಮುಚ್ಚಿ ಹತ್ತಾರು ವರ್ಷ ಆದ ಗಾಡಿ ಇವತ್ತಿಗೂ ತಿರುವಿನಲ್ಲಿ ತಿರುಗುತ್ತಿದೆ ಅಂದರೆ ಅದು ಇಂಥ ಶೆಡ್ಡಿನಿಂದ.

ಮರುದಿನ ಬೆಳಿಗ್ಗೆ ಕುಂದಾ ಕಟ್ಟಿಸಿಕೊಂಡು ಹೊರಟೆವು. ಯರಗಟ್ಟಿವರೆಗೆ ಹೇಳುವಂಥದ್ದು ಏನೂ ಸಿಗಲಿಲ್ಲ, ಒಂದು ಹಳೆ ಮೆಟಡೋರ್ ಬಿಟ್ಟರೆ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್, ಜೋರು ಹಾಡು. ಯರಗಟ್ಟಿ ದಾಟಿ ಲೋಕಾಪುರದ ಕಡೆ ಹೋಗುವಾಗ ಗೆಳೆಯ ಬ್ರೇಕ್ ಹಾಕಿದ. ರಸ್ತೆ ಪಕ್ಕದ ತೋಟದ ಮನೆ, ಬೇವಿನ ಮರ, ಅದರ ಕೆಳಗೆ ಚೌಕಳಿ ಜಾಲರಿಯ ಅಂಬಾಸಿಡರ್. ಮೂರು ಅಕ್ಷರದ ಪ್ಲೇಟ್!

ಇಂಥಲ್ಲಿ ಸುಮ್ನೆ ಮೊಬೈಲ್ ಹಿಡಿದು ಫೋಟೋ ತೆಗೆಯಲು ಹೋಗಬೇಡಿ. ಮೊದಲು ಮನೆಯವರನ್ನು ಮಾತನಾಡಿಸಿ. ನಾವು ಅಂಗಳದಲ್ಲಿ ನಿಂತು "ಯಜಮಾನ್ರು ಅದಾರೇನ್ರಿ?" ಅಂದಾಗ ಒಬ್ಬ ಅಜ್ಜ ಹೊರಬಂದರು. ಗಾಡಿ ನೋಡಲು ನಿಂತೆವು ಅಂದಿದ್ದಕ್ಕೆ ಅವರಿಗೆ ಎಷ್ಟು ಖುಷಿ ಆಯಿತೆಂದರೆ, "ಬರ್ರಿ, ಮೊದಲ ಚಾ ಕುಡೀರಿ, ಗಾಡಿ ಎಲ್ಲಿ ಓಡಿ ಹೋಗ್ತದ" ಅಂತ ಕಟ್ಟೆ ಮೇಲೆ ಕೂರಿಸಿದರು.

ಮಾರ್ಕ್ 2. ಸ್ಟಿಯರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್, ಮುಂದೆ ಉದ್ದಕ್ಕೂ ಒಂದೇ ಸೀಟು. 1489 ಸಿಸಿ ಪೆಟ್ರೋಲ್ ಇಂಜಿನ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು. ಕೊಲ್ಕತ್ತಾ ಹತ್ತಿರದ ಉತ್ತರಪಾರದಲ್ಲಿ ಹುಟ್ಟಿದ ಗಾಡಿ, ಅಲ್ಲಿ ಅಂಬಾಸಿಡರ್ ತಯಾರಿ ನಿಂತಿದ್ದು 2014ರಲ್ಲಿ. ಅಜ್ಜನ ಅಣ್ಣ ಹತ್ತಿ ವ್ಯಾಪಾರ ಮಾಡುತ್ತಿದ್ದಾಗ ಕೊಂಡಿದ್ದಂತೆ. ಯಲ್ಲಮ್ಮನ ಗುಡ್ಡಕ್ಕೆ ಇಡೀ ಮನೆ ಇದರಲ್ಲೇ ಹೋಗುತ್ತಿತ್ತು, ಮಕ್ಕಳು ಡಿಕ್ಕಿಯಲ್ಲಿ. ಈಗಲೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹೊಲದ ದಾರಿಯಲ್ಲಿ ಒಂದು ಸುತ್ತು ಹಾಕುತ್ತಾರೆ.

ಅವರ ಚಿಂತೆ ಬೇರೆ. ಪೆಟ್ರೋಲ್ ಪೈಪು ಮೇಲಿಂದ ಮೇಲೆ ಮೆತ್ತಗಾಗಿ ಸೋರುತ್ತಿತ್ತು. ಕಾರಣ ಎಥೆನಾಲ್. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ, 2025ರಲ್ಲಿ ದೇಶ ಆ ಮಟ್ಟ ಮುಟ್ಟಿತು. ಹಳೆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಒಳಗಿನ ತೆಳು ಪರದೆ (ಡಯಾಫ್ರಂ) ಅದನ್ನು ತಾಳುವುದಿಲ್ಲ. ಎಥೆನಾಲ್ ನೀರನ್ನೂ ಹೀರುತ್ತದೆ, ಗಾಡಿ ತಿಂಗಳುಗಟ್ಟಲೆ ನಿಂತರೆ ಕಬ್ಬಿಣದ ಟ್ಯಾಂಕಿಗೆ ಒಳಗಿನಿಂದ ತುಕ್ಕು. ಆ ಎಥೆನಾಲಿನ ಒಂದು ಪಾಲು ಬರುವುದು ನಮ್ಮ ಎದುರಿಗೇ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ಇದೇ ಕಬ್ಬಿನಿಂದ, ಅಜ್ಜನ ಹೊಲದಲ್ಲೂ ಕಬ್ಬೇ ಇತ್ತು. ಕಬ್ಬಿಗೆ ಬೆಲೆ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಹಳೆ ಗಾಡಿಯವರು ಮಾತ್ರ ಎಥೆನಾಲ್ ತಡೆಯುವ ಪೈಪು ಹಾಕಿಸಿಕೊಳ್ಳಬೇಕು, ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಬೇಕು. ಅಜ್ಜನ ಮೊಮ್ಮಗ ಹುಬ್ಬಳ್ಳಿಯಿಂದ ಅಂಥ ಪೈಪು ತಂದು ಹಾಕಿದ್ದಾನೆ, ಸೋರುವುದು ನಿಂತಿದೆ.

ಗದ್ದನಕೇರಿ ಕ್ರಾಸಿನಲ್ಲಿ ಊಟ. ಅಲ್ಲಿಂದ ಉತ್ತರಕ್ಕೆ ತಿರುಗಿ ಕೊಲ್ಹಾರದ ಸೇತುವೆ ದಾಟುವಾಗ ಕೃಷ್ಣೆ ಸಮುದ್ರದ ಹಾಗೆ ಹರಡಿತ್ತು, ಆಲಮಟ್ಟಿಯ ಹಿನ್ನೀರು. ಕೊಲ್ಹಾರದ ಗಡಿಗೆ ಮೊಸರು ತಿನ್ನದೆ ಮುಂದೆ ಹೋಗಬಾರದು, ತಿಂದೆವು.

ವಿಜಯಪುರದಲ್ಲಿ ಗೋಳಗುಮ್ಮಟದ ಎದುರಿನ ರಸ್ತೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಬಾನೆಟ್ ತೆರೆದು ನಿಂತಿತ್ತು. ಕರಿ ಕೋಟು ಸೀಟಿನ ಮೇಲೆ ಇಟ್ಟು, ಬಿಳಿ ಅಂಗಿಯ ವಕೀಲರೊಬ್ಬರು ಒದ್ದೆ ಬಟ್ಟೆಯನ್ನು ಎ.ಸಿ. ಪಂಪಿನ ಮೇಲೆ, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ಸುತ್ತುತ್ತಿದ್ದರು. ಜನವರಿಯಲ್ಲೂ ಮಧ್ಯಾಹ್ನದ ಬಿಸಿಲು ಅಷ್ಟಿತ್ತು. ಇಂಜಿನ್ ಪಕ್ಕದಲ್ಲೇ ಇರುವ ಆ ಪಂಪು ಕಾದರೆ ಪೆಟ್ರೋಲ್ ಒಳಗೇ ಆವಿಯಾಗಿ ಕಾರ್ಬುರೇಟರಿಗೆ ಹೋಗುವುದಿಲ್ಲ. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ಆ ಹತ್ತು ನಿಮಿಷ ನಮಗೆ ಸಿಕ್ಕ ಭಾಗ್ಯ.

ಮುಂಬೈನ ಕುರ್ಲಾದಲ್ಲಿ ಆದ ಗಾಡಿ, 1089 ಸಿಸಿ. ಫಿಯಾಟ್ 1100 ಡಿಲೈಟ್ ಅಂತ ಇದ್ದಿದ್ದು 1974ರಲ್ಲಿ ಪದ್ಮಿನಿ ಆಯಿತು, ವಕೀಲರದು ಆ ಮೊದಲ ವರ್ಷಗಳದ್ದೇ. ಮೊದಲೆಲ್ಲ ಬಿಡಿಭಾಗ ಮುಂಬೈನಿಂದ ಬರುತ್ತಿತ್ತಂತೆ, ಅಲ್ಲಿ ಟ್ಯಾಕ್ಸಿ ತುಂಬ ಇದ್ದವಲ್ಲ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಅಲ್ಲಿ ರಸ್ತೆ ಬಿಟ್ಟಿತು. ಆಮೇಲೆ ಸಾಮಾನು ಸಿಗುವುದು ಕಷ್ಟವಾಗಿದೆ.

ಐವತ್ತು ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಬಹುದಲ್ಲ ಅಂದೆ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮ ಅದು. ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ, 20,000 ರೂಪಾಯಿ ಶುಲ್ಕ, 10 ವರ್ಷ ಬಾಳಿಕೆ. ವಕೀಲರು ತಲೆ ಅಲ್ಲಾಡಿಸಿದರು.

"ಮಾಡಿಸಿದ್ರ ದಿನಾ ಓಡಸಾಕ ಬರಂಗಿಲ್ರಿ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್, ಇಷ್ಟಕ್ಕ ಮಾತ್ರ ಹೊರಗ ತಗೀಬೇಕು. ನಾ ಕೋರ್ಟಿಗೆ ಹೋಗೂದ ಇದರಾಗ."

ಹಾಗಾಗಿ ಐದೈದು ವರ್ಷಕ್ಕೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸುತ್ತಾರೆ. ನನಗೆ ಅವರ ಲೆಕ್ಕವೇ ಸರಿ ಅನಿಸಿತು. ಈ ಗಾಡಿ ಚೆಂದ ಕಾಣುವುದು ಕೋರ್ಟಿನ ದಾರಿಯಲ್ಲಿ, ಟಂಟಂ, ಟಾಂಗಾಗಳ ನಡುವೆ ಹಾರ್ನ್ ಹೊಡೆಯುತ್ತ ಹೋಗುವಾಗ.

ಪಂಪು ತಣ್ಣಗಾಗಿ ಗಾಡಿ ಸ್ಟಾರ್ಟ್ ಆಯಿತು. ನಮ್ಮನ್ನು ಹತ್ತಿಸಿಕೊಂಡು ಇಬ್ರಾಹಿಂ ರೋಜಾವರೆಗೆ ಬಿಟ್ಟರು. ಹೋಗುವಾಗ ಪ್ರತಿ ತಗ್ಗಿಗೂ ಮುಂದಿನ ಎಡಗಾಲಿಯಿಂದ ಟಕ್ ಟಕ್. ಗಾಲಿ ಎಡಬಲಕ್ಕೆ ತಿರುಗುವ ಕಿಂಗ್ ಪಿನ್ನಿನ ಬುಶ್ ಸವೆದಿದೆ, ಸಿಗುತ್ತಿಲ್ಲ ಅಂದರು. ನಾನು ಅಲ್ಲೇ ಉದ್ಯಮಬಾಗದ ಮಿಸ್ತ್ರಿಗೆ ಫೋನ್ ಹಚ್ಚಿ ಕೊಟ್ಟೆ. ಅವರು ಬೇಡ ಅನ್ನಲಿಲ್ಲ, ಹೊಗಳಿಕೊಳ್ಳಲೂ ಇಲ್ಲ. ಹಳೆ ಬುಶ್ ಅಷ್ಟೇ ಸಾಲದು, ಪಿನ್ನೂ ಕಳಿಸಿ, ಪಿನ್ ಎಷ್ಟು ಸವೆದಿದೆ ನೋಡದೆ ಬುಶ್ ಕಡೆಯಲು ಬರುವುದಿಲ್ಲ ಅಂದರು. ವಕೀಲರು ಮರುದಿನವೇ ಎರಡನ್ನೂ ಬಿಚ್ಚಿಸಿ ಬೆಳಗಾವಿ ಬಸ್ಸಿಗೆ ಪಾರ್ಸಲ್ ಹಾಕಿದರು. ಫೆಬ್ರವರಿಯಲ್ಲಿ ಅವರ ಫೋನ್ ಬಂತು. ಬುಶ್ ಕೂತಿದೆ, ಸದ್ದು ಹೋಗಿದೆ, ಬಲಗಾಲಿಯದನ್ನೂ ಮಾಡಿಸುತ್ತಿದ್ದಾರೆ.