ಬಾವುಟದ ರೆಸಿಸ್ಟರ್

ನಮ್ಮ ಅಸೆಂಬ್ಲಿ ಲೈನಿನಲ್ಲಿ 3.9 ಮೆಗಾ ಓಮ್ ರೆಸಿಸ್ಟರನ್ನು (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ) ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. "ಬಾವುಟ" ಅನ್ನುತ್ತಾರೆ. ಕೈಯಲ್ಲಿ ಹಿಡಿದು ನೋಡಿ, ಕಿತ್ತಳೆ, ಬಿಳಿ, ಹಸಿರು ಪಟ್ಟೆ, ಕೊನೆಗೊಂದು ಗೋಲ್ಡ್. ಹೆಸರಿಟ್ಟವರು ಸೋಲ್ಡರಿಂಗ್ ಟೇಬಲ್ಲಿನ ಅಕ್ಕ. ಆ ಬಾವುಟವನ್ನು ಲೈನಿಗೆ ತಂದವನು ನಾನು. ಈಗಲೂ ಸ್ಟೋರಿನಲ್ಲಿ ಅದರ ಡಬ್ಬಿ ಕಂಡರೆ ಕಿವಿ ಬಿಸಿಯಾಗುತ್ತದೆ.

ಬೆಂಗಳೂರಿನ ಪೀಣ್ಯದ ಸಣ್ಣ ಕಂಪನಿ ನಮ್ಮದು. ಲಿಫ್ಟಿನ ಎಮರ್ಜೆನ್ಸಿ ಬ್ಯಾಟರಿ ಚೆನ್ನಾಗಿದೆಯಾ ಅಂತ ನೋಡಿಕೊಳ್ಳುವ ಬೋರ್ಡ್ ಮಾಡುತ್ತೇವೆ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ, ಚಾರ್ಜರ್ ಮೇಲಿದ್ದಾಗ 13.7, 13.8 ಇರುತ್ತದೆ. ಬೋರ್ಡಿನ ಮೆದುಳಾದ ಕಂಟ್ರೋಲರ್ ಚಿಪ್ ಓಡುವುದು 3.3 ವೋಲ್ಟಿನಲ್ಲಿ, 13.8ನ್ನು ನೇರ ಕೊಟ್ಟರೆ ಪಿನ್ ಸುಟ್ಟೇ ಹೋಗುತ್ತದೆ. ಅದಕ್ಕೇ ಡಿವೈಡರ್, ಅಂದರೆ ಎರಡು ರೆಸಿಸ್ಟರ್ ಸಾಲಾಗಿ ಜೋಡಿಸಿ ನಡುವಿನಿಂದ ವೋಲ್ಟೇಜಿನ ಒಂದು ಪಾಲು ಮಾತ್ರ ತೆಗೆಯುವ ಉಪಾಯ. ಮೇಲೆ 39 ಕೆ (ಕಿಲೋ ಓಮ್), ಕೆಳಗೆ 10 ಕೆ. ಒಟ್ಟು 49ರಲ್ಲಿ ಕೆಳಗಿನದರ ಪಾಲು 10, ಅಂದರೆ 13.8ಕ್ಕೆ 2.82 ಬರುತ್ತದೆ. ಡಿಪ್ಲೊಮಾ ಮೊದಲ ವರ್ಷದ ಲೆಕ್ಕ. ನಾನು ಸೇರುವ ಮೊದಲಿನಿಂದ ಅದು ಹಾಗೇ ಇತ್ತು, ಸುಮ್ನೆ ಕೆಲಸ ಮಾಡಿಕೊಂಡಿತ್ತು.

ಆಮೇಲೆ ಮ್ಯಾನೇಜರ್‌ಗೆ ಸ್ಟ್ಯಾಂಡ್‌ಬೈ ಕರೆಂಟ್ ಇಳಿಸುವ ಹುಚ್ಚು ಹಿಡಿಯಿತು. ಗೋಡೌನಿನಲ್ಲಿ ಬ್ಯಾಟರಿ ಇಳಿಯುತ್ತಿದೆ, ಎಲ್ಲೆಲ್ಲಿ ಉಳಿಸಬಹುದೋ ಉಳಿಸಿ ಅಂದರು. ಆ ಡಿವೈಡರ್ ಎಳೆಯುತ್ತಿದ್ದದ್ದು 0.28 ಮಿಲಿಆಂಪ್. ಅದರ ಪಕ್ಕದಲ್ಲೇ ಹಗಲೂ ರಾತ್ರಿ ಉರಿಯುವ ಹಸಿರು ಎಲ್‌ಇಡಿ ಹತ್ತಿರ ಹತ್ತಿರ 1.3 ಮಿಲಿಆಂಪ್ ಕುಡಿಯುತ್ತಿತ್ತು. ಅದನ್ನು ತೆಗೆಯೋಣ ಅಂದರೆ ಮಾರ್ಕೆಟಿಂಗ್‌ನವರು ಬಿಡಲಿಲ್ಲ, "ಲೈಟ್ ಇಲ್ಲದಿದ್ರೆ ಬೋರ್ಡ್ ಸತ್ತಿದೆ ಅಂದ್ಕೋತಾರೆ" ಅಂದರು. ಸರಿ, ಹಾಗಾದರೆ ಡಿವೈಡರ್‌ಗೇ ಕೈ ಹಾಕೋಣ ಅಂದುಕೊಂಡೆ.

ನಾನು ಮಾಡಿದ್ದಿಷ್ಟೇ, ಎರಡೂ ರೆಸಿಸ್ಟರನ್ನು ನೂರು ಪಟ್ಟು ಮಾಡಿದೆ. ಮೇಲೆ 3.9 ಮೆಗಾ, ಕೆಳಗೆ 1 ಮೆಗಾ. ರೇಶಿಯೋ ಅದೇ ತಾನೇ? ಕರೆಂಟ್ 2.8 ಮೈಕ್ರೋಆಂಪ್‌ಗೆ ಇಳಿಯಿತು. ರಿವ್ಯೂ ಮೀಟಿಂಗಿನಲ್ಲಿ ಸ್ಲೈಡ್ ಹಾಕಿ ತೋರಿಸಿದೆ. ಮ್ಯಾನೇಜರ್ "ಇದು ನೋಡಿ ಎಂಜಿನಿಯರಿಂಗ್" ಅಂದರು. ಆ ಮಾತನ್ನು ಮನೆಯಲ್ಲೂ ಹೇಳಿದ್ದೆ.

ಹೊಸ ಬೋರ್ಡಿಗೆ 13.8 ಕೊಟ್ಟರೆ ಸ್ಕ್ರೀನಿನಲ್ಲಿ 11.9 ಬಂತು. ಮೀಟರ್ ತೆಗೆದು ಡಿವೈಡರಿನ ನಡುವೆ ಇಟ್ಟೆ. 2.82 ಬರಬೇಕಾದ ಕಡೆ 2.61. "ಓ, ಕಾರ್ಬನ್ ಫಿಲ್ಮ್, 5 ಪರ್ಸೆಂಟ್ ಹೆಚ್ಚುಕಡಿಮೆ ಇರುವ ಮಾಲು, ಅದಕ್ಕೇ" ಅಂದುಕೊಂಡೆ. ಉಳಿದ ವ್ಯತ್ಯಾಸ ಎಡಿಸಿದು (ಕಂಟ್ರೋಲರಿನೊಳಗೆ ವೋಲ್ಟೇಜನ್ನು ನಂಬರ್ ಮಾಡುವ ಭಾಗ) ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು, ಕೋಡಿನಲ್ಲಿ 1.16ರಿಂದ ಗುಣಿಸಿ ಪಕ್ಕದಲ್ಲಿ "ಕ್ಯಾಲಿಬ್ರೇಶನ್" ಅಂತ ಬರೆದೆ. 20 ಬೋರ್ಡ್ ಟೆಸ್ಟ್ ಮಾಡಿದೆ, ಇಪ್ಪತ್ತೂ 13.8 ತೋರಿಸಿದವು. ಎಲ್ಲಾ ಒಂದೇ ಥರ ತಪ್ಪಾಗಿದ್ದರೆ ಅದು ಮಾಲಿನ ತಪ್ಪಲ್ಲ, ಡಿಸೈನಿನ ತಪ್ಪು ಅಂತ ಆಗ ಹೊಳೆಯಬೇಕಿತ್ತು. ನನಗೆ ಹೊಳೆದದ್ದು "ಆಹಾ, ಎಷ್ಟು ಕನ್ಸಿಸ್ಟೆಂಟ್" ಅಂತ. ಮೀಟರ್ ಇಟ್ಟಾಗ ಸ್ಕ್ರೀನಿನ ನಂಬರ್ ಏನಾಗುತ್ತೆ ಅಂತ ಒಮ್ಮೆಯಾದರೂ ತಲೆ ಎತ್ತಿ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಏಪ್ರಿಲ್, ಮಧ್ಯಾಹ್ನ ಮೂರು ಗಂಟೆ. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಟೆರೇಸ್, ಲಿಫ್ಟ್ ಮೆಷಿನ್ ರೂಮ್. ಒಳಗೆ ಹೋದರೆ ಬೇಕರಿ ಓವನ್ ಬಾಗಿಲು ತೆಗೆದ ಹಾಗೆ. ನಮ್ಮ ಬೋರ್ಡಿನ ಬಜರ್ ಬೆಳಗ್ಗೆಯಿಂದ ಕೂಗುತ್ತಿತ್ತು, ಸ್ಕ್ರೀನಿನಲ್ಲಿ "ಚಾರ್ಜರ್ ಫೇಲ್, 12.5". ಅಲ್ಲಿ ಅಸೋಸಿಯೇಷನ್ ಸೆಕ್ರೆಟರಿ ಸರ್, ಲಿಫ್ಟ್ ಕಂಪನಿಯ ಹಿರಿಯ ಟೆಕ್ನಿಷಿಯನ್, ನಮ್ಮ ಮ್ಯಾನೇಜರ್, ನಾನು. ಟೆಕ್ನಿಷಿಯನ್ ಬ್ಯಾಟರಿ ಟರ್ಮಿನಲ್ಲಿಗೆ ಮೀಟರ್ ಇಟ್ಟರು. 13.7.

"ಬ್ಯಾಟರಿ ಚೆನ್ನಾಗೇ ಐತಲ್ಲಪ್ಪಾ" ಅಂದರು.

ನಾನು ನನ್ನ ಮೀಟರ್ ತೆಗೆದು ಡಿವೈಡರಿನ ನಡುವೆ ಪ್ರೋಬ್ ಒತ್ತಿದೆ. ತಕ್ಷಣ ಬಜರ್ ನಿಂತುಹೋಯಿತು. ಸ್ಕ್ರೀನ್ 13.6. ಪ್ರೋಬ್ ತೆಗೆದೆ, 12.5, ಬಜರ್. ಮತ್ತೆ ಇಟ್ಟೆ, ನಿಂತಿತು. ತೆಗೆದೆ, ಕೂಗಿತು. ಡ್ರೈ ಸೋಲ್ಡರ್ ಇರಬೇಕು, ಒತ್ತಿದಾಗ ಕೂಡಿಕೊಳ್ಳುತ್ತಿದೆ ಅಂತ ಪ್ಲಾಸ್ಟಿಕ್ ಪೆನ್ನಿನಿಂದ ಒತ್ತಿ ನೋಡಿದೆ. ಏನೂ ಆಗಲಿಲ್ಲ. ಪ್ರೋಬ್ ಇಟ್ಟರೆ ಮಾತ್ರ ಸರಿ. ಬೆವರು ಬೋರ್ಡಿನ ಮೇಲೆ ಬೀಳದಿರಲಿ ಅಂತ ತೋಳಿನಲ್ಲಿ ಹಣೆ ಒರೆಸಿಕೊಳ್ಳುತ್ತಾ ಹತ್ತು ಸಲ ಇಟ್ಟು ತೆಗೆದಿರಬೇಕು. ಮ್ಯಾನೇಜರ್ ಫೋನ್ ಬಂದವರ ಹಾಗೆ ಹೊರಗೆ ಹೋದರು. ಫೋನ್ ಬಂದಿರಲಿಲ್ಲ.

ಸೆಕ್ರೆಟರಿ ಸರ್ ತುಂಬಾ ಸಮಾಧಾನದಿಂದ ಕೇಳಿದರು, "ಅಂದ್ರೆ ಪ್ರತಿ ಬೋರ್ಡಿನ ಜೊತೆ ಒಂದು ಮೀಟರೂ ಕೊಡ್ತೀರಾ?"

ಟೆಕ್ನಿಷಿಯನ್ ನಗಲಿಲ್ಲ. ಬಗ್ಗಿ ಡಿವೈಡರ್ ನೋಡಿದರು. "ಇದೇನಪ್ಪಾ, ಮೆಗಾ ಗಟ್ಟಲೆ ಹಾಕಿದೀಯ? ಒಂದು 104 ಹಾಕು ಇಲ್ಲಿ."

ಬ್ಯಾಗಿನಲ್ಲಿ 104 ಅಂತ ಬರೆದ ಸೆರಾಮಿಕ್ ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ, 100 ನ್ಯಾನೋಫ್ಯಾರಡ್) ಇತ್ತು. ಪಿನ್ನಿಂದ ಗ್ರೌಂಡಿಗೆ ಸೋಲ್ಡರ್ ಮಾಡಿದೆ. 12.5 ಹೋಯಿತು. ಬಂದದ್ದು 15.9, "ಓವರ್ ವೋಲ್ಟೇಜ್", ಮತ್ತೆ ಬಜರ್. ಈ ಸಲ ಟೆಕ್ನಿಷಿಯನ್ ನಕ್ಕರು. ಕೆಪಾಸಿಟರ್ ರೀಡಿಂಗನ್ನು ಸರಿ ಮಾಡಿತ್ತು, ಸರಿಯಾದ 13.7ನ್ನು ನನ್ನ "ಕ್ಯಾಲಿಬ್ರೇಶನ್" 1.16ರಿಂದ ಗುಣಿಸುತ್ತಿತ್ತು. ಕೋಡ್ ಬದಲಿಸಲು ಪ್ರೋಗ್ರಾಮರ್ ಅನ್ನುವ ಸಾಧನ ಬೇಕು, ಅದು ಪೀಣ್ಯದಲ್ಲಿ ನನ್ನ ಡ್ರಾಯರಿನಲ್ಲಿತ್ತು. ಬಜರಿನ ವೈರ್ ಕಿತ್ತು ಗ್ರೀನ್ ಲೈನ್ ಮೆಟ್ರೋ ಹತ್ತಿದೆ. ಊರಿನ ಆ ಕಡೆಯಿಂದ ಈ ಕಡೆಗೆ, ಮತ್ತೆ ವಾಪಸ್. ಯೋಚಿಸಲು ಟೈಮ್ ಬೇಕಾದಷ್ಟಿತ್ತು.

ಮೆಟ್ರೋದಲ್ಲಿ ನಿಂತೇ ನಮ್ಮ ಕಂಟ್ರೋಲರ್ ಎಟಿಮೆಗಾ328ಪಿ ಚಿಪ್ಪಿನ ಡೇಟಾಶೀಟನ್ನು ಫೋನಿನಲ್ಲಿ ತೆಗೆದೆ. ಎಡಿಸಿಗೆ ಸಿಗ್ನಲ್ ಕೊಡುವ ಸೋರ್ಸಿನ ತಡೆ ಸುಮಾರು 10 ಕೆ ಅಥವಾ ಅದಕ್ಕಿಂತ ಕಡಿಮೆ ಇರಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಪಿನ್ನಿನ ಕಡೆಯಿಂದ ನೋಡಿದರೆ ನನ್ನ ಡಿವೈಡರ್ ಎರಡೂ ರೆಸಿಸ್ಟರಿನ ಪ್ಯಾರಲಲ್, ಹತ್ತಿರ ಹತ್ತಿರ 800 ಕೆ. ಹಳೆಯ 39 ಕೆ, 10 ಕೆ ಜೋಡಿ 8 ಕೆ. ಅದನ್ನು ಹಾಕಿದ್ದ ಪುಣ್ಯಾತ್ಮರಿಗೆ ಇದು ಗೊತ್ತಿತ್ತು.

ಎಡಿಸಿ ಒಳಗೊಂದು 14 ಪಿಕೋಫ್ಯಾರಡ್ ಕೆಪಾಸಿಟರ್ ಇದೆ. ಅದು ತುಂಬಿದ ಮೇಲೆ ಅಳೆಯುತ್ತದೆ. ನಮ್ಮ ಬೀದಿಯ ನಲ್ಲಿಗೆ ಕೊಡ ಇಟ್ಟ ಹಾಗೆ ಅಂದುಕೊಳ್ಳಿ. ನೀರು ಜೋರಾಗಿ ಬಂದರೆ ತುಂಬುತ್ತದೆ, ನೂಲಿನ ಹಾಗೆ ಬಂದರೆ ತುಂಬುವ ಮೊದಲೇ ಕೊಡ ಎತ್ತಬೇಕಾಗುತ್ತದೆ. 800 ಕೆ ಮೂಲಕ 14 ಪಿಕೋಗೆ ಟೈಮ್ ಕಾನ್‌ಸ್ಟಂಟ್ (ಸುಮಾರು ಮೂರರಲ್ಲಿ ಎರಡು ಪಾಲು ತುಂಬುವ ಹೊತ್ತು) 11 ಮೈಕ್ರೋಸೆಕೆಂಡ್, ನಮ್ಮ ಸೆಟ್ಟಿಂಗಿನಲ್ಲಿ ಕೊಡ ನಲ್ಲಿ ಕೆಳಗೆ ಇರುತ್ತಿದ್ದದ್ದು ಸುಮಾರು 12. ಮುಕ್ಕಾಲು ಕೂಡ ತುಂಬುತ್ತಿರಲಿಲ್ಲ. ಜೊತೆಗೆ ಅದು ಖಾಲಿ ಕೊಡವೂ ಅಲ್ಲ. ಬ್ಯಾಟರಿಗಿಂತ ಮುಂಚೆ ಟೆಂಪರೇಚರ್ ಓದುತ್ತಿದ್ದೆವು, ಅದರ ನೀರು ತಳದಲ್ಲಿ ಉಳಿದಿರುತ್ತಿತ್ತು. ಅದು 10 ಕೆ ರೆಸಿಸ್ಟರ್, ಅದರ ಕೆಳಗೆ ಬಿಸಿಯಾದಷ್ಟೂ ತಡೆ ಇಳಿಯುವ 10 ಕೆ ಎನ್‌ಟಿಸಿ. ಅದೂ ಡಿವೈಡರೇ! ಎಸಿ ಹಾಕಿದ ನಮ್ಮ ಲ್ಯಾಬಿನ 25 ಡಿಗ್ರಿಯಲ್ಲಿ ಸರಿಯಾಗಿ ಅರ್ಧ, 1.65. ಆ ಟೆರೇಸಿನ ರೂಮಿನಲ್ಲಿ ಎನ್‌ಟಿಸಿ ಇಳಿದು ಅದು 1 ವೋಲ್ಟಿಗೆ ಬಂದಿತ್ತು. ಬಿಸಿಲು ಏರಿದಷ್ಟೂ ಬ್ಯಾಟರಿ "ಇಳಿಯುತ್ತಿತ್ತು".

ಮೀಟರ್ ಇಟ್ಟರೆ ಯಾಕೆ ಸರಿ? ಮೀಟರಿಗೂ ಅದರ ವೈರಿಗೂ ಸ್ವಲ್ಪ ಕೆಪಾಸಿಟೆನ್ಸ್ ಇರುತ್ತದೆ. ನಲ್ಲಿ ಕೆಳಗೆ ಬಕೆಟ್ ಇಟ್ಟು ಅದರಲ್ಲಿ ಕೊಡ ಅದ್ದಿದ ಹಾಗೆ. 104 ಅಂದರೆ ದೊಡ್ಡ ಸಿಂಟೆಕ್ಸ್. ಹಾಗಾದರೆ ಲ್ಯಾಬಿನಲ್ಲಿ ನಾನು ರೆಸಿಸ್ಟರ್ ಮೇಲೆ ತಪ್ಪು ಹೊರಿಸಿದ ಆ 2.61? ಮೀಟರಿನ ಒಳಗಿನ 10 ಮೆಗಾ ನನ್ನ ಕೆಳಗಿನ 1 ಮೆಗಾಗೆ ಪ್ಯಾರಲಲ್ ಆಗಿ 0.91 ಮಾಡಿತ್ತು. ಲೆಕ್ಕ ಹಾಕಿದರೆ ಸರಿಯಾಗಿ 2.61. ಮೀಟರ್ ಅಳೆದದ್ದು ಮೀಟರ್ ಸೇರಿದ ಸರ್ಕ್ಯೂಟನ್ನು. ಲೋಡಿಂಗ್ ಎಫೆಕ್ಟ್ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನು ನಾನೇ.

ಸಂಜೆ ಏಳಕ್ಕೆ ವಾಪಸ್ ಹೋಗಿ 1.16 ಅಳಿಸಿದೆ. 13.7. ಟೆಕ್ನಿಷಿಯನ್ ಹೊರಟುಹೋಗಿದ್ದರು, ಥ್ಯಾಂಕ್ಸ್ ಹೇಳಲೂ ಆಗಲಿಲ್ಲ.

ಈಗ ಬೋರ್ಡಿನಲ್ಲಿ 390 ಕೆ, 100 ಕೆ, ಪಕ್ಕದಲ್ಲಿ 104. ಅದೂ 80 ಕೆ ಆಯಿತು, 10 ಕೆಗಿಂತ ಜಾಸ್ತಿ, ಆದರೆ 104 ಇರುವುದರಿಂದ ನಡೆಯುತ್ತದೆ, ನಮ್ಮ ಬ್ಯಾಟರಿಯೇನೂ ಮೈಕ್ರೋಸೆಕೆಂಡಿನಲ್ಲಿ ಏರಿಳಿಯುವುದಿಲ್ಲ. ಕರೆಂಟ್ 28 ಮೈಕ್ರೋಆಂಪ್. ಮುಂದಿನ ರಿವ್ಯೂನಲ್ಲಿ ಮ್ಯಾನೇಜರ್ ಕೇಳಿದ ಒಂದೇ ಪ್ರಶ್ನೆ, "2.8 ಇದ್ದದ್ದು 28 ಯಾಕಾಯ್ತು?" ಹಸಿರು ಎಲ್‌ಇಡಿ ಇನ್ನೂ ಉರಿಯುತ್ತಿದೆ.

3.9 ಮೆಗಾ ಎರಡು ಸಾವಿರ ಪೀಸ್ ಸ್ಟೋರಿನಲ್ಲೇ ಉಳಿಯಿತು. ಆಗಸ್ಟ್ 15ರ ಬೆಳಗ್ಗೆ ಧ್ವಜಾರೋಹಣಕ್ಕೆ ಹೋದರೆ ಲೈನಿನವರೆಲ್ಲರ ಜೇಬಿನ ಮೇಲೆ, ಸೀರೆಯ ಪಿನ್ನಿನ ಪಕ್ಕ, ಕಾಲು ಮಡಚಿ ಸಿಕ್ಕಿಸಿದ ಒಂದೊಂದು ರೆಸಿಸ್ಟರ್. ಅಕ್ಕ ನನ್ನ ಷರ್ಟಿಗೂ ಒಂದು ಸಿಕ್ಕಿಸಿದರು. "ನಿಮ್ಮಿಂದಲೇ ಬಂದಿದ್ದಲ್ವಾ ಸರ್."