ತಲೆನೋವು ಬರುವುದಿಲ್ಲವೇ?

ಇಲ್ಲ, ಬರುವುದಿಲ್ಲ. ನಾನು ಕೇಳುವ ಸಂಗೀತದ ಬಗ್ಗೆ ಬದಿಯಡ್ಕದ ಬಸ್ಸಿನಲ್ಲೂ ಊಟದ ಪಂಕ್ತಿಯಲ್ಲೂ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಒಮ್ಮೆ ಬರೆದುಬಿಡುತ್ತೇನೆ.

ನಾನು ಕೇಳುವುದು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಐಹೇಟ್‌ಗಾಡ್ ತಂಡದ ಮೊದಲ ಆಲ್ಬಮ್, ‘ಇನ್ ದ ನೇಮ್ ಆಫ್ ಸಫರಿಂಗ್’. ತಂಡ ಹುಟ್ಟಿದ್ದು 1988ರಲ್ಲಿ. 1990ರಲ್ಲಿ ಫ್ರಾನ್ಸಿನ ಒಂದು ಸಣ್ಣ ಕಂಪನಿ ಆಲ್ಬಮನ್ನು ಹೊರತಂದಿತು, 1992ರಲ್ಲಿ ಸೆಂಚುರಿ ಮೀಡಿಯಾ ಎಂಬ ಕಂಪನಿ ಅದನ್ನು ಮತ್ತೆ ಬಿಡುಗಡೆ ಮಾಡಿತು. ಇಂಥ ಸಂಗೀತಕ್ಕೆ ಸ್ಲಡ್ಜ್ ಮೆಟಲ್ ಎನ್ನುತ್ತಾರೆ. ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ ಭಾರವೂ ಹಾರ್ಡ್‌ಕೋರ್ ಪಂಕ್ ಎಂಬ ಬಿರುಸಿನ ರಾಕ್ ಸಂಗೀತದ ಸಿಟ್ಟೂ ಇದರಲ್ಲಿ ಸೇರಿವೆ.

ಒಂದು ಉಪನಯನದ ಮನೆಯಲ್ಲಿ ಭಾವ ನನ್ನ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡರು. ಅರೆ ನಿಮಿಷ ಕಳೆದಿರಲಿಲ್ಲ, “ಇದು ಹಾಳಾಗಿದೆ ಮಾರಾಯ, ಕಾಸರಗೋಡಿಗೆ ಹೋದಾಗ ಹೊಸತು ತೆಗೆದುಕೋ” ಎಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಚಿಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದು, “ಮನೆಯಲ್ಲಿ ಎಲ್ಲ ಸರಿಯಾಗಿದೆಯಲ್ಲ?” ಎಂದು ತಗ್ಗಿದ ದನಿಯಲ್ಲಿ ಕೇಳಿದಾಗ ನಗು ಬರಲಿಲ್ಲ. ಸಂಗೀತದಲ್ಲಿ ನೋವಿದ್ದರೆ ಕೇಳುವವನ ತಲೆ ಕೆಟ್ಟಿರಬೇಕು ಎಂಬ ಲೆಕ್ಕಾಚಾರ ನನಗೆ ಅರ್ಥವಾಗುವುದಿಲ್ಲ. ಯಕ್ಷಗಾನದಲ್ಲಿ ರಾತ್ರಿಯಿಡೀ ಕುಳಿತು ಕರುಣರಸದ ಪದಗಳಿಗೆ ಕಣ್ಣೊರೆಸಿಕೊಳ್ಳುವವರನ್ನು ಯಾರೂ ಹಿತ್ತಲಿಗೆ ಕರೆದು ವಿಚಾರಿಸುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಬಗೆಯ ಪ್ರಶ್ನೆ: “ಯಕ್ಷಗಾನದ ಊರಿನಲ್ಲಿ ಹುಟ್ಟಿ ಇದನ್ನು ಹೇಗೆ ಕೇಳುತ್ತೀರಿ?” ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನನ್ನದೂ ಹೌದು. ಮೇಳ ಬಂದರೆ ಆಟಕ್ಕೆ ಹೋಗುತ್ತೇನೆ, ಬೆಳಗಾದ ಮೇಲೆಯೇ ಏಳುತ್ತೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಉಳಿಸುವ ಹೊಣೆ ನಮ್ಮ ನಾಲಗೆಯ ಮೇಲಿದೆ, ಅದನ್ನು ಸಂತೋಷದಿಂದ ಹೊರುತ್ತೇನೆ. ಅದಕ್ಕಾಗಿ ಕಿವಿಯನ್ನೂ ಅಡವಿಡಬೇಕೆಂದು ದಯವಿಟ್ಟು ಹೇಳಬೇಡಿ.

ಈ ಸಂಗೀತವನ್ನು ಇಷ್ಟು ನಿಧಾನವಾಗಿ ನುಡಿಸುವುದು ಹೇಗೆ ಎಂದು ಇಂದಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಊಟ ಬಿಟ್ಟು ಉತ್ತರಿಸುತ್ತಿದ್ದೆ.

ಮೊದಲು ಶ್ರುತಿ. ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ಎಡಗೈ ವಾದಕರಾದ ಅವರು ತಂತಿ ಒತ್ತುತ್ತಿದ್ದದ್ದು ಅದೇ ಬೆರಳುಗಳಿಂದ. 1971ರ ಆಲ್ಬಮ್‌ನ ಕೆಲವು ಹಾಡುಗಳಿಗೆ ಅವರು ಗಿಟಾರ್‌ನ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಇಳಿಸಿದರು. ಹಾಗೆ ಇಳಿಸಿದರೆ ಅದೇ ತಂತಿಯ ಬಿಗಿತ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಬೆರಳಿಗೆ ನೋವು ಕಡಿಮೆ, ನಾದ ಮಾತ್ರ ದಪ್ಪ. ಸ್ಲಡ್ಜ್ ತಂಡಗಳು ಆ ದಪ್ಪ ನಾದವನ್ನೇ ನಂಬಿಕೊಂಡವು.

ಭಾವ ಹಾಳಾಗಿದೆ ಎಂದುಕೊಂಡದ್ದು ಫೀಡ್‌ಬ್ಯಾಕ್. ಆಂಪ್ಲಿಫೈಯರ್‌ನಿಂದ ಹೊರಟ ಸದ್ದು ಗಿಟಾರ್‌ನ ತಂತಿಯನ್ನು ಮತ್ತೆ ಅಲುಗಿಸುತ್ತದೆ, ಆ ಅಲುಗಾಟ ಪುನಃ ಆಂಪ್ಲಿಫೈಯರಿಗೇ ಹೋಗುತ್ತದೆ. ಹೀಗೆ ಸುತ್ತಿ ಸುತ್ತಿ ಹುಟ್ಟುವ ಊಳು ಅದು. ವಾದಕ ಎಷ್ಟು ದೂರದಲ್ಲಿ, ಯಾವ ಕಡೆ ತಿರುಗಿ ನಿಂತಿದ್ದಾನೆ ಎಂಬುದರ ಮೇಲೆ ಅದರ ಸ್ವರ ಬದಲಾಗುತ್ತದೆ. ಅದನ್ನು ಬೇಕೆಂದೇ ಎಬ್ಬಿಸಿ, ಹಿಡಿದಿಟ್ಟು, ಸರಿಯಾದ ಗಳಿಗೆಯಲ್ಲಿ ಕತ್ತರಿಸುತ್ತಾರೆ.

ಇನ್ನು ನಿಧಾನ. 1984ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ತಂಡ ‘ಮೈ ವಾರ್’ ಆಲ್ಬಮ್‌ನ ಎರಡನೇ ಬದಿಯನ್ನು ಎಳೆದೆಳೆದು ನುಡಿಸಿತು, ಬಿರುಸು ಬಯಸಿದ್ದ ಪಂಕ್ ಅಭಿಮಾನಿಗಳು ಸಿಟ್ಟಾದರು. ಮೆಲ್ವಿನ್ಸ್ ತಂಡ ಅದನ್ನೇ ಮುಂದುವರಿಸಿ 1987ರಲ್ಲಿ ತನ್ನ ಮೊದಲ ಆಲ್ಬಮ್ ತಂದಿತು. ವಿಳಂಬ ಕಾಲ ಹಿಡಿಯುವುದು ದ್ರುತಕ್ಕಿಂತ ಕಷ್ಟವೆಂದು ಮದ್ದಳೆ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡು ಪೆಟ್ಟುಗಳ ನಡುವೆ ಅಷ್ಟು ಜಾಗವಿರುವಾಗ ಡ್ರಮ್ಮು, ಬೇಸ್, ಗಿಟಾರ್ ಎಲ್ಲವೂ ಒಟ್ಟಿಗೆ ಬೀಳಬೇಕು, ಕೂದಲೆಳೆ ತಪ್ಪಿದರೂ ಬಯಲಾಗುತ್ತದೆ. ಐಹೇಟ್‌ಗಾಡ್ ಹಾಗೆ ತೆವಳುತ್ತಿರುವಾಗಲೇ ಇದ್ದಕ್ಕಿದ್ದಂತೆ ಓಟಕ್ಕೆ ಬೀಳುತ್ತದೆ. ಅವರ 1993ರ ಎರಡನೇ ಆಲ್ಬಮನ್ನು ಹೊಗಳುವವರೇ ಹೆಚ್ಚು. ನನಗೆ ಮೊದಲನೆಯದರ ಹಸಿತನವೇ ಇಷ್ಟ: ಯಾವುದನ್ನೂ ಒರೆಸಿ ಹೊಳಪು ಕೊಟ್ಟಿಲ್ಲ, ಗಾಯಕ ಹಾಡಿ ಒಲಿಸಲು ಯತ್ನಿಸುವುದಿಲ್ಲ, ಅರಚುತ್ತಾನೆ.

ಕೇಳಬೇಕೆನಿಸಿದರೆ ಮನೆಗೆ ಬನ್ನಿ, ದೊಡ್ಡ ಸ್ಪೀಕರಿನಲ್ಲಿ ಹಾಕುತ್ತೇನೆ. ಹಿಡಿಸದಿದ್ದರೆ ಎದ್ದು ಹೋಗಿ, ಬೇಸರವಿಲ್ಲ. ಆದರೆ ಹೋಗುವ ಮೊದಲು ಯಾವ ಜಾಗ ಹಿಡಿಸಲಿಲ್ಲ ಎಂದು ಹೇಳಿ, ಅದರ ಬಗ್ಗೆ ಮಾತನಾಡಲು ನನಗೆ ಬೇಕಾದಷ್ಟು ಸಮಯವಿದೆ.