ದೀಪ ಆರಿದ್ದಕ್ಕೆ 1,416 ರೂಪಾಯಿ

ಗಾಡಿಯನ್ನು ರಿಪೇರಿಗೆ ಬಿಡುವಾಗ ನಮ್ಮ ಕಾರಿನ ಡೀಲರ್ ಕೊಡುವ ಜಾಬ್ ಕಾರ್ಡಿನಲ್ಲಿ ಸಹಿ ಹಾಕುವ ಜಾಗದ ಮೇಲೆಯೇ ಸಣ್ಣ ಅಕ್ಷರದ ಒಂದು ಸಾಲಿದೆ. ವಾರಂಟಿಗೆ ಸೇರುವ ದೋಷ ಕಂಡುಬಂದರೆ ತಪಾಸಣೆ ಉಚಿತ, ಕಂಡುಬರದಿದ್ದರೆ ಅದರ ಶುಲ್ಕವನ್ನು ಗ್ರಾಹಕರೇ ಭರಿಸಬೇಕು ಎಂಬುದು ಅದರ ತಾತ್ಪರ್ಯ. ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ದೋಷ ಕಂಡಿತೋ ಇಲ್ಲವೋ ಎಂದು ತೀರ್ಪು ಕೊಡುವವರು ಡೀಲರೇ. ಕಾಣಲಿಲ್ಲ ಎಂದರೆ ಅಲ್ಲಿಯೇ ಕೈಗೆ ಹಣ. ಕಂಡಿತು ಎಂದರೆ ಕಂಪನಿಗೆ ಕಾಗದ ಬರೆದು, ಬಿಚ್ಚಿದ ಭಾಗವನ್ನು ಜೋಪಾನವಾಗಿಟ್ಟು, ಮಂಜೂರಾತಿಗೆ ಕಾಯುವ ಕೆಲಸ. ಸಹಿ ಹಾಕದಿದ್ದರೆ ಗಾಡಿಯನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಹಾಕಿದೆ.

ಗಾಡಿ 2023ರದ್ದು. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ, ಮಗಳ ಮನೆ ಉಡುಪಿಯಲ್ಲಿ. ಮಳೆಗಾಲವೆಂದು ಘಾಟಿಯನ್ನು ಬಿಡುವ ಹಾಗಿಲ್ಲ. ಸೋಮೇಶ್ವರದಿಂದ ಮೇಲಕ್ಕೆ 14 ತಿರುವುಗಳು. ಮುಂದಿನ ಬಸ್ಸು ತಿರುವಿನಲ್ಲಿ ನಿಂತರೆ ಹಿಂದಿನವರೆಲ್ಲ ಏರಿನಲ್ಲಿಯೇ ನಿಲ್ಲಬೇಕು. ಕಳೆದ ಮಳೆಗಾಲದಲ್ಲಿ ಅಂಥದ್ದೊಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ದೀಪ ಹೊತ್ತಿತು, ಅದರ ಬೆನ್ನಿಗೇ ಜಾರುವಿಕೆ ತಡೆಯುವ ವ್ಯವಸ್ಥೆಯ ದೀಪ. ಬ್ರೇಕಿನಿಂದ ಕಾಲು ತೆಗೆದಾಗ ಕ್ಷಣಕಾಲ ಗಾಡಿಯನ್ನು ಹಿಡಿದಿಡಬೇಕಾದ ಹಿಲ್ ಹೋಲ್ಡ್ ಕೈಕೊಟ್ಟು, ಗಾಡಿ ಸ್ವಲ್ಪ ಹಿಂದಕ್ಕೆ ಜಾರಿತು. ಹಿಂದಿದ್ದ ಹಾಲಿನ ವ್ಯಾನಿನವನು ಹಾರ್ನ್ ಒತ್ತಿಯೇ ಒತ್ತಿದ. ಸಾಧಾರಣ ಬ್ರೇಕು ಕೆಲಸ ಮಾಡುತ್ತಿತ್ತು, ಮನೆ ಸೇರಿದೆವು.

ಶಿವಮೊಗ್ಗಕ್ಕೆ ಗಾಡಿ ಒಯ್ದದ್ದು ಮಳೆ ಸ್ವಲ್ಪ ಹೊಳವಾದ ದಿನ. ತೀರ್ಥಹಳ್ಳಿಯಲ್ಲಿ ದೀಪ ಉರಿಯುತ್ತಿತ್ತು. ಮಂಡಗದ್ದೆ ದಾಟಿದೆವು, ಉರಿಯುತ್ತಿತ್ತು. ಗಾಜನೂರು ದಾಟಿ ಊರು ಹತ್ತಿರವಾಗುವಾಗ ಬಿಸಿಲು ಬಂತು. ಒಂದು ಕಡೆ ಗಾಡಿ ನಿಲ್ಲಿಸಿ ಮತ್ತೆ ಹೊರಟಾಗ ದೀಪ ಆರಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಇಲ್ಲ. ಡೀಲರುಗಳೆಲ್ಲ ಇರುವುದು ಒಣಗಿದ ಕಡೆ, ಗಾಡಿ ಕೆಡುವುದು ನೆನೆಯುವ ಕಡೆ.

ಸರ್ವಿಸ್ ಅಡ್ವೈಸರ್ ಮರ್ಯಾದೆಯ ಹುಡುಗ. ದೂರನ್ನು ಪೂರ್ತಿ ಕೇಳಿಸಿಕೊಂಡ, ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡ. ಊರು ಯಾವುದೆಂದು ಕೇಳಿದವನು, "ಇಲಿ ಕಡಿದಿರಬಹುದು ಸರ್, ನಿಮ್ಮ ಕಡೆಯ ಗಾಡಿಗಳಿಗೆ ಅದೇ ಕಾಟ" ಎಂದ. ಇಲಿ ಕಡಿದ ವೈರಿಗೆ ವಾರಂಟಿ ಇಲ್ಲ. ಗಾಡಿಯ ಬಾನೆಟ್ ಎತ್ತುವ ಮೊದಲೇ ತೀರ್ಥಹಳ್ಳಿಯ ಇಲಿಗಳನ್ನು ಕಟಕಟೆಗೆ ತಂದು ನಿಲ್ಲಿಸಿದ್ದು ನನಗೆ ಹಿಡಿಸಲಿಲ್ಲ. ಅಡಿಕೆ ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಆ ಕಾಟ ಇರುವುದು ನಿಜ. ನಮ್ಮ ಗಾಡಿಯ ವೈರುಗಳಲ್ಲಿ ಅವನಿಗೆ ಹಲ್ಲಿನ ಗುರುತು ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

ಮಧ್ಯಾಹ್ನದ ಹೊತ್ತಿಗೆ ಬಿಲ್ಲು ಬಂತು. ಎಲೆಕ್ಟ್ರಾನಿಕ್ ತಪಾಸಣೆ 1,200, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 216, ಒಟ್ಟು 1,416. ಷರಾ ಕಾಲಮಿನಲ್ಲಿ ಎರಡು ವಾಕ್ಯ: ದೋಷ ಕಂಡುಬಂದಿಲ್ಲ. ಕೋಡ್ ಅಳಿಸಲಾಗಿದೆ.

ಕೌಂಟರಿನ ಮುಂದೆ ನಿಂತು ಮತ್ತೊಮ್ಮೆ ಓದಿದೆ. ದೋಷವೇ ಇಲ್ಲದಿದ್ದರೆ ಅಳಿಸಿದ ಕೋಡ್ ಯಾವುದು? ಕೇಳಿದೆ. "ಅದು ಹಳೆಯ ಕೋಡ್ ಸರ್, ಈಗ ಇಲ್ಲ" ಎಂದ. ಯಾವ ಕೋಡ್ ಎಂದು ಎಲ್ಲಿಯಾದರೂ ಬರೆದಿಟ್ಟುಕೊಂಡಿದ್ದೀರಾ ಎಂದರೆ, ಇಲ್ಲ. ಗಾಡಿಯ ಕಂಪ್ಯೂಟರ್ ತನಗಾದ ತೊಂದರೆಯನ್ನು ಒಂದು ಸಂಖ್ಯೆಯಾಗಿ ನೆನಪಿಟ್ಟುಕೊಂಡಿರುತ್ತದೆ. ತೊಂದರೆ ಆ ಕ್ಷಣಕ್ಕೆ ಇಲ್ಲದಿದ್ದರೂ, ಹಿಂದೆ ಇತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ. ಆ ಸಾಕ್ಷಿಯನ್ನು ಅಳಿಸಿ, ಅಳಿಸಿದ್ದಕ್ಕೆ ನನ್ನಿಂದಲೇ ದುಡ್ಡು ತೆಗೆದುಕೊಂಡು, ಸಾಕ್ಷಿಯಿಲ್ಲ ಎಂದು ಬರೆದುಕೊಟ್ಟಿದ್ದರು. ಹಣ ಕಟ್ಟದೆ ಗೇಟ್ ಪಾಸ್ ಇಲ್ಲ. ಕಟ್ಟಿದೆ, ಬಿಲ್ಲಿನ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿ" ಎಂದು ಬರೆದು ಸಹಿ ಮಾಡಿ, ಅದರ ಫೋಟೊ ತೆಗೆದುಕೊಂಡೆ. ಸರ್ಕಾರಿ ಕಡತಗಳ ನಡುವೆ ಮುದುಕನಾದವನಿಗೆ ಬರುವ ಅಭ್ಯಾಸಗಳಲ್ಲಿ ಇದು ಒಂದು.

ನಾನು ವಿದ್ಯುತ್ ಸರಬರಾಜು ಮಾಡುವ ಮೆಸ್ಕಾಂನಲ್ಲಿ ಶಾಖಾಧಿಕಾರಿಯಾಗಿ ನಿವೃತ್ತನಾದವನು. ಮಳೆಗಾಲದ ರಾತ್ರಿ ಊರುಗಳಿಗೆ ವಿದ್ಯುತ್ ಒಯ್ಯುವ 11 ಕೆ.ವಿ. ಫೀಡರ್ ಲೈನ್ ಟ್ರಿಪ್ ಆಗಿ ಕರೆಂಟ್ ಹೋದರೆ ಲೈನ್‌ಮನ್‌ಗಳು ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆಯುತ್ತಾರೆ. ಎಲ್ಲೋ ಬಿದಿರಿನ ಮಂಡೆ ತಂತಿಗೆ ತಾಗಿರುತ್ತದೆ, ಎಲ್ಲೋ ಇನ್ಸುಲೇಟರ್ ಬಿರುಕು ಬಿಟ್ಟಿರುತ್ತದೆ. ಬಿರುಕು ಬಿಟ್ಟ ಇನ್ಸುಲೇಟರ್ ಬಹಳ ಸತಾಯಿಸುತ್ತದೆ: ಮಳೆ ಬಂದಾಗ ಟ್ರಿಪ್, ಬಿಸಿಲು ಬಂದಾಗ ಸರಾಗ. ಬೆಳಗ್ಗೆ ಮತ್ತೆ ವಿದ್ಯುತ್ ಹರಿಸಿದರೆ ಲೈನ್ ತಾಳಿಕೊಳ್ಳುತ್ತದೆ, ರಾತ್ರಿ ಮತ್ತೆ ಕತ್ತಲೆ. ಅದು ಸಿಗುವ ತನಕ ಮತ್ತೆ ಮತ್ತೆ ಹೋಗಿ ನೋಡಬೇಕಾಗುತ್ತದೆ. ಸಿಗದ ರಾತ್ರಿಯ ನಡಿಗೆಗೆ ಊರಿನವರಿಂದ ಕೂಲಿ ಕೇಳಿದ ಉದಾಹರಣೆ ನನ್ನ ನೌಕರಿಯಲ್ಲಿ ಇಲ್ಲ. ದೋಷ ಹುಡುಕುವುದೇ ರಿಪೇರಿಯ ಹೆಚ್ಚಿನ ಪಾಲು. ಇನ್ಸುಲೇಟರ್ ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ಭಾಗ ಮತ್ತು ಕೂಲಿ ಎರಡೂ ಉಚಿತ ಎಂದು ವಾರಂಟಿ ಪುಸ್ತಕದಲ್ಲಿ ಅಚ್ಚು ಹಾಕಿ, ಆ ಕೂಲಿಯೊಳಗೆ ಹುಡುಕುವ ಕೂಲಿ ಸೇರಿಲ್ಲ ಎಂದರೆ ಕೊಟ್ಟದ್ದಾದರೂ ಏನು?

ಡೀಲರ್ ಕಡೆಗೂ ಒಂದು ಮಾತಿದೆ. ವಾರಂಟಿ ಕೆಲಸಕ್ಕೆ ಕಂಪನಿ ಅವರಿಗೆ ಕೊಡುವುದು ತಾನೇ ಗೊತ್ತುಮಾಡಿದ ಗಂಟೆಗಳ ಲೆಕ್ಕದಲ್ಲಿ. ಬದಲಿಸಿದ ಭಾಗದ ಸಂಖ್ಯೆ ಇಲ್ಲದೆ ಬರಿಯ ಹುಡುಕಾಟಕ್ಕೆ ಹಣ ಹೊರಡಿಸುವುದು ಕಷ್ಟ. ಅರ್ಧ ದಿನ ಟೆಕ್ನಿಷಿಯನ್ ಒಬ್ಬನನ್ನು ಕೂರಿಸಿದರೆ ನಷ್ಟ ಡೀಲರ್‌ಗೇ. ಒಪ್ಪಿದೆ. ಆದರೆ ಅದು ಅವರಿಬ್ಬರ ನಡುವಿನ ವ್ಯಾಜ್ಯ. ಅವರ ಒಪ್ಪಂದದ ತೂತನ್ನು ಮುಚ್ಚಲು ನನ್ನ ಜೇಬು ಯಾಕೆ?

ಮಳೆ ಹಿಡಿದ ಮೇಲೆ ದೀಪ ಮತ್ತೆ ಹೊತ್ತಿತು. ಈ ಬಾರಿ ಅದು ಉರಿಯುತ್ತಿರುವಾಗಲೇ ತೀರ್ಥಹಳ್ಳಿಯ ಆಟೋ ಎಲೆಕ್ಟ್ರೀಷಿಯನ್ ಒಬ್ಬರ ಬಳಿಗೆ ಹೋದೆ. ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ ಎಂಜಿನ್ನಿನ ಕೋಡ್‌ಗಳನ್ನು ಮಾತ್ರ ಓದುತ್ತವೆ, ಬ್ರೇಕಿನ ಕಂಪ್ಯೂಟರನ್ನು ಮುಟ್ಟುವುದಿಲ್ಲ. ಇವರ ಬಳಿ ಎಲ್ಲವನ್ನೂ ಓದುವ ಯಂತ್ರವಿತ್ತು. ಸ್ಟಿಯರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಹಚ್ಚಿ ಪರದೆಯನ್ನು ನನ್ನ ಕಡೆ ತಿರುಗಿಸಿದರು: ಸಿ0035, ಎಡ ಮುಂಚಕ್ರದ ವೇಗದ ಸೆನ್ಸರ್ ಸರ್ಕ್ಯೂಟ್. "ಕನೆಕ್ಟರಿಗೆ ನೀರು ಹೋಗಿದೆ ಮಾರಾಯರೇ. ನಾನು ಬಿಚ್ಚುವುದಿಲ್ಲ. ನಾನು ಬಿಚ್ಚಿದರೆ ನಾಳೆ ಅವರು ನನ್ನ ಹೆಸರು ಹೇಳಿ ನಿಮ್ಮ ವಾರಂಟಿಗೆ ಕೊಕ್ಕೆ ಹಾಕುತ್ತಾರೆ" ಎಂದರು. ಪರದೆಯ ಫೋಟೊ ತೆಗೆದುಕೊಂಡೆ, ಕಿಲೋಮೀಟರ್ ಅಂಕಿ ಕಾಣುವಂತೆ ಡ್ಯಾಶ್‌ಬೋರ್ಡಿನದ್ದೂ ಒಂದು. ದುಡ್ಡು ಬೇಡವೆಂದರು, ಬಲವಂತಕ್ಕೆ ನೂರು ರೂಪಾಯಿ ತೆಗೆದುಕೊಂಡರು.

ಅವರ ಅಂಜಿಕೆ ಸುಮ್ಮನೆ ಬಂದದ್ದಲ್ಲ. ಬಿಡಿಭಾಗಗಳು ಮತ್ತು ದೋಷ ಪತ್ತೆಯ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ಮೀರಿದ ದಂಡ ವಿಧಿಸಿತ್ತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದು ಎಂದೂ ಅದೇ ಆದೇಶದಲ್ಲಿ ಹೇಳಿತ್ತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. ತೀರ್ಥಹಳ್ಳಿಯ ಎಲೆಕ್ಟ್ರೀಷಿಯನ್ ಇಂದಿಗೂ ಕನೆಕ್ಟರ್ ಮುಟ್ಟಲು ಹೆದರುತ್ತಾರೆ. ಆದೇಶ ಎಲ್ಲಿಯವರೆಗೆ ತಲುಪಿದೆ ಎಂಬುದನ್ನು ಇದರಿಂದಲೇ ಅಳೆಯಬಹುದು.

ಫೋಟೊಗಳನ್ನು ಕಂಪನಿಯ ಗ್ರಾಹಕ ವಿಭಾಗಕ್ಕೂ ಡೀಲರ್‌ಗೂ ಒಂದೇ ಇಮೇಲಿನಲ್ಲಿ ಕಳುಹಿಸಿ, ಮಳೆ ಸುರಿಯುವ ದಿನವನ್ನೇ ನೋಡಿ ಶಿವಮೊಗ್ಗಕ್ಕೆ ಹೊರಟೆ. ದೀಪ ಅಲ್ಲಿಯೂ ಆರಿತ್ತು. ಈ ಸಲ ಬಿಡಲಿಲ್ಲ. ಜಾಬ್ ಕಾರ್ಡಿನಲ್ಲಿ "ನೀರು ತಾಗಿದಾಗ ಮಾತ್ರ ಬರುವ ದೋಷ, ಗ್ರಾಹಕರ ಜೊತೆ ಓಡಿಸಿ ನೋಡಬೇಕು, ಯಾವ ಕೋಡನ್ನೂ ಬರೆದುಕೊಳ್ಳದೆ ಅಳಿಸಬಾರದು" ಎಂದು ಬರೆಸಿ, ಆಮೇಲೆ ಸಹಿ ಹಾಕಿದೆ. ಟೆಕ್ನಿಷಿಯನ್ ಹುಡುಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತ. ತೀರ್ಥಹಳ್ಳಿ ರಸ್ತೆಯಲ್ಲಿ ವಾಪಸು ಹೊರಟೆವು. ಸಕ್ರೆಬೈಲಿನ ಆಚೆ ರಸ್ತೆಯ ಮೇಲೆ ನಿಂತ ನೀರನ್ನು ನಾನು ಒಂದನ್ನೂ ತಪ್ಪಿಸಲಿಲ್ಲ. ಎಡ ಚಕ್ರ ಒಂದು ದೊಡ್ಡ ಗುಂಡಿಯಲ್ಲಿ ಮುಳುಗಿ ಎದ್ದದ್ದೇ ತಡ, "ಸರ್, ಬಂತು ಬಂತು" ಎಂದು ಹುಡುಗ ಕೂಗಿದ. ಪರದೆಯಲ್ಲಿ ನಾಲ್ಕು ಚಕ್ರಗಳ ವೇಗ ಓಡುತ್ತಿತ್ತು. ಮೂರು ಚಕ್ರ 40ರ ಆಸುಪಾಸು, ಎಡ ಮುಂಚಕ್ರ ಸೊನ್ನೆ. ಓಡುವ ಗಾಡಿಯಲ್ಲಿ ಒಂದು ಚಕ್ರ ನಿಂತಿದೆ ಎಂದು ಕಂಡರೆ ಬ್ರೇಕಿನ ಕಂಪ್ಯೂಟರ್ ಗೊಂದಲಕ್ಕೆ ಬಿದ್ದು ಎಬಿಎಸ್ ಅನ್ನು ಕಳಚಿ ಇಡುತ್ತದೆ; ಹಿಲ್ ಹೋಲ್ಡ್ ಕೂಡ ಅದರ ಜೊತೆಗೇ ಹೋಗುತ್ತದೆ. ಹುಡುಗನಿಗೆ ನನಗಿಂತ ಹೆಚ್ಚು ಖುಷಿಯಾಗಿತ್ತು. ವರ್ಕ್‌ಶಾಪಿನ ಒಳಗೆ ನಿಂತ ಗಾಡಿಗೆ ಸ್ಕ್ಯಾನರ್ ಹಚ್ಚಿ ಹಚ್ಚಿ ಅವನಿಗೂ ಬೇಸರವಾಗಿತ್ತು ಎಂದು ಕಾಣುತ್ತದೆ.

ಸೆನ್ಸರ್ ಮತ್ತು ಅದರ ವೈರಿನ ತುಂಡು ವಾರಂಟಿಯಲ್ಲಿ ಬದಲಾಯಿತು. ಬಿಲ್ಲು ಸೊನ್ನೆ. ಆ ಮೇಲೆ ದೀಪ ಬಂದಿಲ್ಲ.

ಹಳೆಯ 1,416ರ ಮಾತೆತ್ತಿದಾಗ ಮ್ಯಾನೇಜರ್, ಆ ಜಾಬ್ ಕಾರ್ಡ್ ಮುಗಿದುಹೋಗಿದೆ, ಮುಂದಿನ ಸರ್ವಿಸ್‌ನಲ್ಲಿ ರಿಯಾಯಿತಿ ಕೊಡೋಣ ಎಂದರು. ನನ್ನ ಹಣವನ್ನು ನನಗೇ ರಿಯಾಯಿತಿಯಾಗಿ ಕೊಡುವ ಔದಾರ್ಯ ಬೇಡವೆಂದೆ. ಮನೆಗೆ ಬಂದು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳುಹಿಸಿದೆ. ಅದಕ್ಕೆ ವಕೀಲರು ಬೇಕಾಗಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ತೊಂದರೆ ಉಂಟಾದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವೂ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ದೂರು ದಾಖಲಾಗುತ್ತದೆ. ನಾನು ಅದನ್ನೂ ಮಾಡಿದೆ. ನೋಟಿಸಿನಲ್ಲಿ ಬೈಗುಳವಿರಲಿಲ್ಲ. ಎರಡೂ ಜಾಬ್ ಕಾರ್ಡುಗಳ ಪ್ರತಿಗಳನ್ನು ಇಟ್ಟು ಒಂದೇ ಪ್ರಶ್ನೆ ಕೇಳಿದ್ದೆ: ದೋಷ ಕಂಡುಬಂದಿಲ್ಲ ಎಂದ ದಿನ ಅಳಿಸಿದ ಕೋಡ್ ಯಾವುದು?

ಅದಕ್ಕೆ ಉತ್ತರ ಬರಲಿಲ್ಲ. ಹಣ ಬಂತು. ಬ್ಯಾಂಕಿನ ಸಂದೇಶ ನೋಡಿದರೆ 1,200 ರೂಪಾಯಿ. ಫೋನ್ ಮಾಡಿದಾಗ, ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಿಯಾಗಿದೆ, ಅದು ವಾಪಸು ಬರುವುದಿಲ್ಲ ಎಂದರು. ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೆಯ ಕಲಮಿನಲ್ಲಿ, ಕೊಟ್ಟ ಬಿಲ್ಲಿನ ಮೊತ್ತವನ್ನೂ ತೆರಿಗೆಯನ್ನೂ ಇಳಿಸುವ ಕ್ರೆಡಿಟ್ ನೋಟ್ ಎಂಬ ಏರ್ಪಾಡು ಇರುವುದೇ ಇಂಥದ್ದಕ್ಕೆ, ನಿಮ್ಮ ಅಕೌಂಟೆಂಟರನ್ನು ಕೇಳಿ ಎಂದೆ. ನಮ್ಮ ಮನೆಯವರು ಪಕ್ಕದಲ್ಲಿ ಕೊಟ್ಟೆ ಕಡುಬಿಗೆ ಬಾಳೆಎಲೆ ಬಾಡಿಸುತ್ತಿದ್ದವರು, "ಅಲ್ಲ, ಇನ್ನೂರ ಹದಿನಾರು ರೂಪಾಯಿಗೆ ಇನ್ನೊಂದು ಸ್ಪೀಡ್ ಪೋಸ್ಟಾ?" ಎಂದರು. ಈ ಬಾರಿ ಇಮೇಲ್ ಸಾಕು ಎಂದು ತೀರ್ಮಾನಿಸಿ, ನಿನ್ನೆ ಕಳುಹಿಸಿದ್ದೇನೆ.